ಸುಳಿ ಕೈಗೆ ಬಂತು

ಹೊಲದ ಮನೆ, ಅಡುಗೆಮನೆಯ ಮೇಜು
ಬುಧವಾರ, ಹದಿಮೂರನೇ ತಾರೀಖು

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಕೆಮ್ಮು ಹೋಯಿತಾ? ಅಕ್ಕನ ಮನೆಯಲ್ಲಿ ಹೊಟ್ಟೆ ತುಂಬಾ ಉಣ್ಣುತ್ತೀಯೋ, ಇಲ್ಲ ಸಂಕೋಚ ಅಂತ ಅರ್ಧಕ್ಕೇ ಎದ್ದು ಕೈ ತೊಳೀತೀಯೋ? ಸೊಸೆಗೆ ಮಗಳೇ ಅಂತ ಬರೆದಿದ್ದಾಳೆ ಈ ಅತ್ತೆ, ಏನೋ ಕೆಲಸ ಆಗಬೇಕಿರಬೇಕು ಅಂತ ಅಕ್ಕತಂಗಿ ಸೇರಿ ನಗಬೇಡಿ. ನಾನು ಗಟ್ಟಿಮುಟ್ಟಾಗಿದ್ದೀನಿ. ಮಂಡಿ ಬೆಳಗ್ಗೆ ಸ್ವಲ್ಪ ಗೊಣಗುತ್ತೆ, ನಾನೂ ಅದರ ಜೊತೆ ಗೊಣಗುತ್ತೀನಿ, ಬಿಸಿಲೇರುವ ಹೊತ್ತಿಗೆ ಇಬ್ಬರೂ ಸುಮ್ಮನಾಗುತ್ತೀವಿ.

ಹೋದ ವಾರ ನೀನು ಫೋನ್ ಮಾಡಿದಾಗ "ಬರಬೇಡ, ಎಲ್ಲಾ ಕಾಗದದಲ್ಲಿ ಬರೀತೀನಿ" ಅಂತಷ್ಟೇ ಹೇಳಿ ಇಟ್ಟುಬಿಟ್ಟೆ. ನಿನಗೆ ಸಿಟ್ಟು ಬಂದಿರುತ್ತೆ, ಬರಲಿ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಹೇಳಬೇಕಾದ್ದು ಮರೆತು ಬರೀ ಅಳು ಬರುತ್ತೆ. ಅದಕ್ಕೇ ಕಾಗದ. ನಿನ್ನ ಕಾಗದವನ್ನ ನಾನು ಎಷ್ಟು ಸಲ ಓದಿದೆ ಅಂತ ಕೇಳಬೇಡ, ಮಡಿಕೆಯಲ್ಲಿ ಹರಿದಿದೆ. ಒಂದು ಚೀಲ ಕಳೆಬೀಜ ಹೊತ್ತುಕೊಂಡು ಯಾವ ಔಷಧಿಗೆ ಸಾಯುತ್ತೆ ಅಂತ ಪರೀಕ್ಷೆ ಮಾಡಿಸೋಕೆ ಹೋದವಳನ್ನ ಆ ಕೃಷಿ ಸಂಶೋಧನಾ ಕೇಂದ್ರದವರು ಒಂದು ತಿಂಗಳು ಕೆಲಸಕ್ಕೆ ಇಟ್ಟುಕೊಂಡರಲ್ಲ, ಅದೇ ನನಗೆ ದೊಡ್ಡ ಜಂಬ ಆಗಿತ್ತು. ಈಗ ಕಾಯಂ ಆಗಿ ಬಾ, ಬರೋ ಈ ಶನಿವಾರದೊಳಗೆ ಹೇಳು ಅಂತಿದ್ದಾರೆ. ನೀನು ನೋಡಿದರೆ ಬರೆದಿರೋದು, "ಅತ್ತೆ, ಗೋಧಿಯಲ್ಲಿ ಹುಲ್ಲು ಎದ್ದಿರುತ್ತೆ, ಈಗ ಔಷಧಿ ಬೀಳದಿದ್ದರೆ ಬೆಳೆ ಹೋಯಿತು ಅಂತಲೇ ತಿಳೀರಿ, ನಾನು ಇವರಿಗೆ ಆಗಲ್ಲ ಅಂತ ಹೇಳಿ ಬಂದುಬಿಡ್ತೀನಿ" ಅಂತ. ಇರಲಿ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಹೊಲದ ಸುದ್ದಿ ಕೇಳು, ನಿನ್ನ ಜೀವ ಇರೋದೇ ಅಲ್ಲಿ.

ಔಷಧಿ ಬಿದ್ದಾಯಿತು ಕಣೇ. ನಾನೇ ಹೊಡೆಸಿದೆ. ಕೂತಿದ್ದರೆ ಕೂತೇ ಓದು, ನಿಂತಿದ್ದರೆ ಕೂತುಕೋ.

ನಿನ್ನ ಕಾಗದ ಬಂದ ಮಧ್ಯಾಹ್ನವೇ ಕನ್ನಡಕ ಏರಿಸಿ, ಬಕೆಟ್ ಬೋರಲು ಹಾಕಿಕೊಂಡು ಗೋಧಿ ಸಾಲಿನ ಮಧ್ಯೆ ಕೂತೆ. ಅಯ್ಯೋ, ಆ ಹುಲ್ಲಿನ ಠಕ್ಕು ನೋಡಬೇಕಿತ್ತು! ಗೋಧಿ ವೇಷ ಹಾಕಿಕೊಂಡು ಗೋಧಿ ಪಕ್ಕದಲ್ಲೇ ಸಾಧುವಿನ ಹಾಗೆ ನಿಂತಿದೆ. ನೀನು ಹೇಳಿಕೊಟ್ಟ ಹಾಗೆ ಎಲೆ ಕಾಂಡ ಸೇರೋ ಕಡೆ ನೋಡಿದೆ. ಕಾಂಡ ತಬ್ಬಿಕೊಂಡ ಪುಟ್ಟ ಕಿವಿಯಂಥದ್ದು ಇದ್ದರೆ ಗೋಧಿ, ಇಲ್ಲದಿದ್ದರೆ ಕಳೆ. ಕಿವಿ ಇಲ್ಲದವೇ ಜಾಸ್ತಿ ಸಿಕ್ಕವು. ಎಲ್ಲಾ ಇನ್ನೂ ಎಳೇವು, ಎರಡು ಮೂರು ಎಲೆ ಅಷ್ಟೇ. ನೀನು ಕೆಲಸ ಮುಗಿಸಿ ಬರೋವರೆಗೆ ಕಾದಿದ್ದರೆ ಅವು ಬಲಿತು ನಮ್ಮನ್ನೇ ಹೊಲದಿಂದ ಓಡಿಸುತ್ತಿದ್ದವು.

ಅಲ್ಲಿಂದ ನೇರ ಗೊಬ್ಬರದ ಅಂಗಡಿಗೆ ಹೋದೆ. ಅಂಗಡಿಯವನು ಹಲ್ಲು ಕಿರಿದು ಹೋದ ವರ್ಷದ ಡಬ್ಬಿಯನ್ನೇ ತಂದಿಟ್ಟ. ಅದು ಬೇಡಪ್ಪ, ಅದಕ್ಕೆ ನಮ್ಮ ಹೊಲದ ಹುಲ್ಲು ಸಾಯೋದಿಲ್ಲ, ಪರೀಕ್ಷೆಯಲ್ಲೇ ಗೊತ್ತಾಗಿದೆ ಅಂದೆ. ಸರಿ ಅಂತ ಬೇರೆ ಬಣ್ಣದ ಡಬ್ಬಿ, ಬೇರೆ ಹೆಸರಿನದು ತಂದ. ನಾನೇನು ಬಣ್ಣ ನೋಡಿ ಮರುಳಾಗೋಳಾ? ತಿರುಗಿಸಿ ಹಿಂದಿನ ಚೀಟಿಯಲ್ಲಿ ಮದ್ದಿನ ಗುಂಪು ಯಾವುದು ಅಂತ ಓದಿದೆ. ಹೆಸರು ಬೇರೆ, ಗುಂಪು ಅದೇ! ಇದೂ ಅದರ ಅಣ್ಣತಮ್ಮನೇ ಅಲ್ವೇನಪ್ಪಾ ಅಂದೆ. ಅವನು ನಕ್ಕು, ನೀನು ಕಾಗದದಲ್ಲಿ ಬರೆದಿದ್ದ ಮದ್ದನ್ನೇ ಒಳಗಿನಿಂದ ತಂದುಕೊಟ್ಟ. ಯಾರಮ್ಮಾ ಇದೆಲ್ಲಾ ಹೇಳಿಕೊಟ್ಟಿದ್ದು ಅಂತ ಕೇಳಿದ. "ನಮ್ಮ ಸೊಸೆ" ಅಂದೆ. ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳೋ ಹಾಗೆ ಅಂದೆ, ಯಾಕೆ ಸುಳ್ಳು ಹೇಳಲಿ.

ಟ್ರಾಕ್ಟರ್ ಓಡಿಸೋಕೆ ನಮ್ಮ ಗುಡುಗನೇ ಬಂದ. ಅವನ ಗಂಟಲು ಇನ್ನೂ ಹಾಗೇ ಇದೆ, ಗುಟ್ಟು ಹೇಳಿದರೂ ಮೂರು ಹೊಲಕ್ಕೆ ಕೇಳುತ್ತೆ. ಹಿಂದಿನ ದಿನ ಬೇರೆಯವರ ಹೊಲಕ್ಕೆ ಏನೋ ಹೊಡೆದು ಬಂದಿದ್ದ, ಔಷಧಿ ಟ್ಯಾಂಕಿನ ತಳದಲ್ಲಿ ಹಳೇ ಮದ್ದು ಉಳಿದಿತ್ತು. ಅದು ನಮ್ಮ ಗೋಧಿಗೆ ಬಿದ್ದರೆ ಗೋಧಿಯೇ ಸುಟ್ಟುಹೋಗುತ್ತೆ ಅಂತ ನೀನು ಬಡಕೊಳ್ಳೋದು ನೆನಪಾಗಿ ತೊಳೆಸಿದೆ, ಮತ್ತೆ ತೊಳೆಸಿದೆ. "ಮದುವೆ ಹೆಣ್ಣಿಗೂ ಇಷ್ಟು ಸ್ನಾನ ಮಾಡಿಸಲ್ಲಮ್ಮಾ" ಅಂತ ಗುಡುಗಿದ. ಆಮೇಲೆ ನಿನ್ನ ಲೋಟದ ಪರೀಕ್ಷೆ. ಬರೀ ನೀರು ತುಂಬಿಸಿ, ಒಂದೊಂದು ನಾಜಲ್ ಕೆಳಗೆ ಒಂದೊಂದು ಲೋಟ ಇಟ್ಟು, ಎಲ್ಲದರಲ್ಲೂ ಒಂದೇ ಸಮ ನೀರು ಬೀಳುತ್ತಾ ಅಂತ ನೋಡಿದೆ. ಎರಡು ನಾಜಲ್ ಕಟ್ಟಿಕೊಂಡಿದ್ದವು, ಬದಲಾಯಿಸಿದ. ನಾನು ಅವಸರದಲ್ಲಿ ಶೆಡ್ಡಿನ ಹಳೇ ಲೋಟ ಬಿಟ್ಟು ಅಡುಗೆಮನೆಯ ಒಳ್ಳೇ ಲೋಟ ತಂದಿದ್ದೆ ನೋಡು. ಅಷ್ಟರಲ್ಲಿ ಪಕ್ಕದ ಹೊಲದ ಮೇಷ್ಟ್ರು ಬಂದರು. ಬರೀ ನೀರು ಮೇಷ್ಟ್ರೇ ಅಂತ ಎಷ್ಟು ಹೇಳಿದರೂ ಅವತ್ತಿನಿಂದ ನಮ್ಮ ಮನೆಯಲ್ಲಿ ಟೀ ಕುಡೀತಿಲ್ಲ. ಪುಡಿ ಉಳೀತು ಬಿಡು.

ಇಬ್ಬನಿ ಆರಿ, ಗಾಳಿ ನಿಂತ ಮೇಲೆ ಹೊಡೆಸಿದೆ. ಗುಡುಗನಿಗೆ ಕೈಗವಸು, ಮುಖಕ್ಕೆ ಮಾಸ್ಕ್ ಹಾಕಿಸಿದೆ, ಅದಕ್ಕೂ ಒಂದು ಜಗಳ ಆಯಿತು. ಎಲ್ಲಾ ಮುಗಿದ ಮೇಲೆ ಶುರುವಾಯಿತು ನೋಡು ನನ್ನ ಪರದಾಟ. ಒಂದು ದಿನ ಹೋಯಿತು, ಎರಡು ದಿನ ಹೋಯಿತು, ವಾರ ಕಳೀತಾ ಬಂತು. ಹುಲ್ಲು ಹಸಿರಿಗೆ ಹಸಿರು! ಬಾಡಲಿಲ್ಲ, ಬಗ್ಗಲಿಲ್ಲ, ನನ್ನನ್ನ ನೋಡಿ ಅಣಕಿಸುತ್ತಿತ್ತು. ಮೇಷ್ಟ್ರು ಬೇಲಿಯಾಚೆಯಿಂದ ಶುರು ಮಾಡಿದರು. "ನೋಡಮ್ಮಾ, ಉಳದೇ ಬಿತ್ತಿದರೆ ಹೀಗೇ ಆಗೋದು. ಈ ಬೆಳೆ ಕೈಬಿಡು, ನೇಗಿಲು ಹಾಕಿಸಿ ಎಲ್ಲಾ ಮಗುಚಿಹಾಕು." ಅಂಗಡಿಯವನು ಇನ್ನೊಂದು ಸಲ ಅದನ್ನೇ ಜಾಸ್ತಿ ಮಾಡಿ ಹೊಡೀರಿ ಅಂದ. ನನ್ನ ತಲೆ ಕೆಟ್ಟುಹೋಯಿತು. ನಾಳೆ ಬೆಳಗ್ಗೆ ನೇಗಿಲು ಕಟ್ಟಿಕೊಂಡು ಬಾ ಅಂತ ಗುಡುಗನಿಗೆ ಹೇಳೇಬಿಟ್ಟೆ. ಹೌದು ಮಗಳೇ, ಹೇಳಿದೆ. ಬೈಯೋದಿದ್ದರೆ ಬೈದು ಮುಂದೆ ಓದು.

ಅವನು ಬಂದ. ಟ್ರಾಕ್ಟರ್ ಹೊಲದ ಬಾಯಲ್ಲಿ ನಿಂತಿತ್ತು. ಕಾಲಡಿಯ ಹಳೇ ಬೆಳೆಯ ಕೂಳೆ ಸರಿಸಿ ಮಣ್ಣು ನೋಡಿದೆ. ತಣ್ಣಗಿತ್ತು, ಒದ್ದೆಯಾಗಿತ್ತು, ಎರೆಹುಳ ಹೊರಳುತ್ತಿತ್ತು. ಮೊದಲೆಲ್ಲಾ ಗಾಳಿ ಬೀಸಿದರೆ ಈ ಹೊಲದ ಮಣ್ಣು ನಮ್ಮ ಅಡುಗೆಮನೆ ಪಾತ್ರೆಯೊಳಗೆ ಬರುತ್ತಿತ್ತಲ್ಲ. ಉಳೋದು ನಿಲ್ಲಿಸೋಣ ಅತ್ತೆ ಅಂತ ನೀನು ಅಂದಾಗ ನಾನು ಮೂಗು ಮುರಿದೆ, ಉಳದವರು ಬೇಸಾಯಗಾರರೇನೇ ಅಂದೆ. ನೀನು ಎದುರಾಡಲಿಲ್ಲ, ಹಟವನ್ನೂ ಬಿಡಲಿಲ್ಲ. ಈ ಮಣ್ಣು ಹೀಗಾಗೋಕೆ ಐದು ಬೆಳೆ ಬೇಕಾಯಿತು. ಅದನ್ನ ಒಂದೇ ಬೆಳಗ್ಗೆ ಮಗುಚಿಹಾಕಲಾ ಅನ್ನಿಸಿತು. ಆಗ ಥಟ್ಟನೆ ನೆನಪಾಯಿತು. ಹೋದ ಸಲ ನಾನು ಹೀಗೇ ಕೂಗಾಡಿದಾಗ ನೀನು ಹೇಳಿದ್ದು, "ಎಲೆ ನೋಡಬೇಡಿ ಅತ್ತೆ, ಸುಳಿ ಎಳೆದು ನೋಡಿ."

ಬಗ್ಗಿದೆ. ಒಂದು ಹುಲ್ಲಿನ ನಡುವಿನ ಎಳೇ ಸುಳಿ ಹಿಡಿದು ಮೆಲ್ಲಗೆ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು! ಬುಡ ನೋಡಿದರೆ ಕಂದು, ಕೊಳೆತು ಮೆತ್ತಗಾಗಿದೆ. ಮೇಲೆ ಹಸಿರು, ಒಳಗೆ ಹೆಣ. ಇನ್ನೊಂದು ಎಳೆದೆ, ಅದೂ ಬಂತು. ಮಂಡಿ ನೋವು ಎಲ್ಲಿಗೆ ಹೋಯಿತೋ, ಸಾಲಿನುದ್ದಕ್ಕೂ ಕೂತು ಕೂತು ಎಳೆದೆ. ಪಕ್ಕದ ಗೋಧಿಯ ಸುಳಿ ಎಳೆದರೆ ಜಪ್ಪಯ್ಯ ಅಂದರೂ ಬರಲಿಲ್ಲ, ನನ್ನ ಬಂಗಾರ! "ವಾಪಸ್ ತಗೊಂಡು ಹೋಗೋ ನಿನ್ನ ನೇಗಿಲನ್ನ" ಅಂತ ಕೂಗಿದೆ. ಅವತ್ತು ಗುಡುಗನಿಗಿಂತ ನನ್ನ ಗಂಟಲೇ ದೊಡ್ಡದಾಗಿತ್ತು. ಮೇಷ್ಟ್ರು ಬೇಲಿ ಹತ್ತಿರ ಬಂದರು, ಅವರ ಕೈಗೂ ಒಂದು ಹುಲ್ಲು ಕೊಟ್ಟೆ. ಎಳೆದರು, ಸುಳಿ ಕೈಗೆ ಬಂತು. ಅದನ್ನ ಬಹಳ ಹೊತ್ತು ತಿರುಗಿಸಿ ನೋಡಿ, ನಿಮ್ಮ ಸೊಸೆ ಬಂದಾಗ ನಮ್ಮ ಹೊಲಕ್ಕೂ ಒಂದು ಸಲ ಕಳಿಸಿ ಅಂದರು.

ಈಗ ಆ ಹುಲ್ಲೆಲ್ಲಾ ಹಳದಿಯಾಗಿ ಮಲಗುತ್ತಿದೆ. ಬಾವಿ ಕಡೆಯ ಮೂಲೆಯಲ್ಲಿ ಮಾತ್ರ ಒಂದು ಹಾಸಿಗೆಯಷ್ಟು ಜಾಗದಲ್ಲಿ ಸುಳಿ ಗಟ್ಟಿಯಾಗಿದೆ, ಎಳೆದರೆ ಬರೋದಿಲ್ಲ. ಟ್ರಾಕ್ಟರ್ ತಿರುಗಿಸುವಾಗ ಮದ್ದು ತಪ್ಪಿತೋ, ಇಲ್ಲಾ ಆ ಹುಲ್ಲು ಈ ಮದ್ದಿಗೂ ಜಗ್ಗದ ಜಾತಿಯೋ ನನಗೆ ತಿಳೀಲಿಲ್ಲ. ಯಾವುದೇ ಆಗಲಿ, ಬೀಜ ಕಟ್ಟೋಕೆ ಬಿಡಬಾರದು ಅಂತ ನೀನು ಹೇಳ್ತಿದ್ದೆಯಲ್ಲ, ಕೂತು ಬೇರುಸಮೇತ ಕಿತ್ತು ಚೀಲಕ್ಕೆ ತುಂಬಿದೆ. ಒಂದಷ್ಟನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ ಅಲ್ಲಿ ಪರೀಕ್ಷೆ ಮಾಡಿ ನೋಡಲಿ ಅಂತ ಗುಡುಗನ ಕೈಲಿ ಈ ಕಾಗದದ ಜೊತೆ ಕಳಿಸ್ತಿದ್ದೀನಿ.

ನನಗೆ ಬರೆಯೋಕೆ ಬರೋದಿಲ್ಲ, ಆದರೂ ಹೇಳಲೇಬೇಕು. ನನ್ನ ಮಗ ತೀರಿಕೊಂಡ ವರ್ಷ ನಾನು ಈ ಮೇಜಿನ ಮುಂದೆ ಕೂತವಳು ಏಳಲೇ ಇಲ್ಲ. ಗೇಣಿಗೆ ಕೊಟ್ಟುಬಿಡಿ, ಇಬ್ಬರು ಹೆಂಗಸರು ಏನು ಮಾಡ್ತೀರಿ ಅಂತ ಬಂದವರೆಲ್ಲಾ ಅಂದರು. ನಿನಗೂ ಗಂಡ ಹೋಗಿದ್ದ, ನಿನ್ನ ದುಃಖವನ್ನ ಯಾರೂ ಕೇಳಲಿಲ್ಲ. ನೀನು ಮುಖ ತೊಳೆದು ಬಂದು, "ಏಳಿ ಅತ್ತೆ, ಹುಲ್ಲು ಬರುತ್ತಿದೆ" ಅಂದೆ. ಎಷ್ಟು ಒರಟು ಅಂದುಕೊಂಡೆ ಆಗ. ಆ ಮಾತೇ ನನ್ನನ್ನ ಎಬ್ಬಿಸಿದ್ದು ಕಣೇ. ನಿನ್ನ ಋಣ ತೀರಿಸೋಕೆ ನನ್ನಿಂದ ಆಗೋದಿಲ್ಲ, ತೀರಿಸೋ ಆಸೆಯೂ ಇಲ್ಲ, ಅದು ನನ್ನ ಮೇಲೆ ಇರಲಿ. ನಿನ್ನ ಹೊಟ್ಟೆ ತಣ್ಣಗಿರಲಿ, ಹೋದ ಕಡೆಯೆಲ್ಲಾ ನಾಲ್ಕು ಜನ ನಿನ್ನ ಮಾತು ಕೇಳೋ ಹಾಗಾಗಲಿ. ಅಕ್ಕನಿಗೂ ಭಾವನಿಗೂ ನಾನು ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಬಾಯಿಬಡುಕಿ ಅತ್ತೆ

ಮತ್ತೆ: ಗುಡುಗ ಹೊರಗೆ ಹಾರ್ನ್ ಒತ್ತುತ್ತಿದ್ದಾನೆ, ಬೇಗ ಬರೀತೀನಿ. ಕಾಗದ ಬಂದ ದಿನವೇ ಅಂಗಡಿಗೆ ಓಡಿದ್ದು ಹುಲ್ಲಿನ ಮೇಲಿನ ಸಿಟ್ಟಿಗಲ್ಲ. ನೀನು ವಾಪಸ್ ಬರೋಕೆ ಆ ಹುಲ್ಲು ಕಾರಣ ಆಗಬಾರದು ಅಂತ. ನೇಗಿಲು ಬಂದು ನಿಂತ ಮೇಲೂ ಹಾಕದೆ ತಡೆದುಕೊಂಡಿದ್ದರಲ್ಲೂ ಅದೇ ಇತ್ತು. ಬೆಳೆ ಕೆಟ್ಟಿತು ಅಂದರೆ ನೀನು ಅವತ್ತೇ ಗಂಟು ಕಟ್ಟುತ್ತಿದ್ದೆ. ಬೆಳೆ ಕೆಟ್ಟಿಲ್ಲ, ಮುಂದೆ ಕೆಡೋಕೂ ನಾನು ಬಿಡೋದಿಲ್ಲ. ಮನೆ ಬಿಕೋ ಅನ್ನುತ್ತೆ, ಅದು ನಿಜ, ನಿನ್ನ ಹತ್ತಿರ ಸುಳ್ಳು ಯಾಕೆ. ಆದರೂ ಕೇಳು, ನನ್ನ ಮಗ ಹೋದಾಗ ಯಾರೂ ಹೇಳದೆಯೇ ನೀನು ನನಗೋಸ್ಕರ ಉಳಿದೆ. ಈಗ ನಾನು ಬಾಯಿ ಬಿಟ್ಟು ಕೇಳ್ತಿದ್ದೀನಿ, ನನಗೋಸ್ಕರ ಅಲ್ಲೇ ಇರು. ಶನಿವಾರದವರೆಗೂ ಕಾಯಬೇಡ, ಇವತ್ತೇ ಹೋಗಿ ಅವರಿಗೆ ಹೂಂ ಅಂದು ಬಾ.