ನನ್ನ ಪಾಲಿಗೆ ಬಾರದ್ದು

ಜೂನ್ ೪
ಯೂನಿಫಾರಂ ಹೊಲಿಯುವ ಕಾಲ. ಕಟಿಂಗ್ ಮೇಜಿನ ತುಂಬ ನೀಲಿ ಬಟ್ಟೆ. ಚೂಟಿ ಶಾಲೆಯಿಂದ ಬಂದವಳೇ ಬ್ಯಾಗ್ ಸಮೇತ ಅದಕ್ಕೊರಗಿ ನಿದ್ದೆಹೋದಳು. ಹತ್ತು ವರ್ಷದ ಮಗಳು, ಈಗ ಹೆಸರಿಗಷ್ಟೇ ಚೂಟಿ. ಕಣ್ರೆಪ್ಪೆ ಅರ್ಧ ಇಳಿದೇ ಇರುತ್ತದೆ. ನಾಲ್ಕು ಹೆಜ್ಜೆ ಓಡಿದರೆ ಕಾಲು ನಡುಗುತ್ತದೆ. ಟೀಚರ್ ಸೋಮಾರಿ ಎನ್ನುತ್ತಾರೆ. ಹೆಂಡತಿಗೆ ಟೀಚರ್ ಮೇಲೆ ಸಿಟ್ಟು: "ಮಗು ನಾಟಕ ಆಡುತ್ತಾ?"

ಜುಲೈ ೧೯
ರಿಪೋರ್ಟ್ ಬಂತು. ಮೈಟೊಕಾಂಡ್ರಿಯಾ ಕಾಯಿಲೆಯಂತೆ. ಜೀವಕೋಶದೊಳಗೆ ಶಕ್ತಿ ತಯಾರಾಗುವ ಜಾಗವೇ ಕೆಟ್ಟಿದೆ. ಸ್ನಾಯು, ಹೃದಯ, ಮಿದುಳು — ಹೆಚ್ಚು ಶಕ್ತಿ ಬೇಕಾದದ್ದಕ್ಕೇ ಮೊದಲ ಏಟು. ವಾಸಿ ಮಾಡುವ ಔಷಧಿ ಇಲ್ಲ.
"ಎಲ್ಲಿಂದ ಬಂತು ಡಾಕ್ಟ್ರೇ?" ಹೆಂಡತಿ ಕೇಳಿದಳು.
"ಈ ಥರದ್ದು ತಾಯಿಯಿಂದಾನೇ ಬರೋದಮ್ಮ. ಆದ್ರೆ ನಿಮ್ಮ ತಪ್ಪೇನಿಲ್ಲ."
ಮೊದಲ ಮಾತಷ್ಟೇ ಅವಳ ಕಿವಿಗೆ ಬಿದ್ದದ್ದು.

ಜುಲೈ ೨೦
ಒಲೆ ಹಚ್ಚಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದಾಳೆ.
"ಅರ್ಧ ನಂದೂ ಇರುತ್ತೆ ಕಣೇ" ಎಂದೆ.
"ಸುಮ್ನಿರಿ. ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ? ನಿಮ್ದೇನೂ ಇಲ್ಲ."
ಮಗಳ ಮೂಗು ನನ್ನದು. ಹಟ ನನ್ನದು. ಎಡಗೈಯಲ್ಲಿ ಬರೆಯುವುದೂ ನನ್ನದೇ. ಇದೊಂದರಲ್ಲಿ ನನಗೆ ಪಾಲಿಲ್ಲ.

ಸೆಪ್ಟೆಂಬರ್ ೨
ಗುಂಡಿ ಹಾಕಲು ಚೂಟಿಯ ಬೆರಳಿಗೆ ಶಕ್ತಿ ಸಾಲದು. ಎಲ್ಲ ಕಿತ್ತು, ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ ಹೊಲಿದೆ.
"ಅಪ್ಪಾ, ಕ್ಲಾಸಲ್ಲಿ ಪರ್ರ್ ಅನ್ಸಿದ್ರೆ, ಯಾರ ಚಡ್ಡಿ ಹರೀತು ಅಂತ ಟೀಚರ್ ಹುಡುಕ್ಬೇಕು!"
ಹೆಂಡತಿಯೂ ನಕ್ಕಳು. ಎಷ್ಟು ದಿನವಾಗಿತ್ತು...

ನವೆಂಬರ್ ೧೧
ಬರೆಯಲಾಗಲಿಲ್ಲ. ಫಿಟ್ಸ್ ಬಂತು. ಆಮೇಲೆ ಐಸಿಯು. ಆಮೇಲೆ ಹೃದಯ ಸೋತಿತು.
ಚೂಟಿ ಇಲ್ಲ.
ಇದಿಷ್ಟು ಬರೆಯಲು ಇಷ್ಟು ದಿನ ಬೇಕಾಯಿತು.

ನವೆಂಬರ್ ೨೬
ಇವಳ ಕೈಯಿಂದ ಬಕೆಟ್ ಜಾರಿತು. ನೋಡಿದೆ — ಎಡಗಣ್ಣಿನ ರೆಪ್ಪೆ ಇಳಿದಿದೆ. ಕನ್ನಡಿಯಲ್ಲಿ ನೋಡಿಕೊಂಡು, "ಮಗಳ ಥರಾನೇ ಕಾಣ್ತೀನಿ ಅಲ್ವಾ?" ಎಂದಳು. ಮುಖದಲ್ಲಿ ಎಂಥದೋ ಸಮಾಧಾನ.
ಆಸ್ಪತ್ರೆ ಎಂದರೆ ಒಲ್ಲೆ ಎಂದಳು. "ಬರಲಿ ಬಿಡಿ, ನಂಗೂ."
ರೇಗಿತು. "ನೀನೂ ಹೋದ್ರೆ ಆ ಸಂಕಟ ಪೂರ್ತಿ ನಂದೇ ಕಣೇ. ಅದ್ರಲ್ಲಿ ನಿಂಗೆ ಪಾಲಿಲ್ಲ."
ಕನ್ನಡಿಯಿಂದ ಮುಖ ತಿರುಗಿಸಿದಳು. ಆಮೇಲೆ ಅತ್ತಳು. ಮಗಳು ಹೋದ ಮೇಲೆ ಅತ್ತದ್ದು ಇದೇ ಮೊದಲು.

ನವೆಂಬರ್ ೨೮, ಬೆಳಿಗ್ಗೆ
ಟೆಸ್ಟಿಗೆ ಹೊರಟಿದ್ದೇವೆ. ಅವಳಿಗೆ ತೋಳು ಎತ್ತಲಾಗುತ್ತಿಲ್ಲ. ತಲೆ ನಾನೇ ಬಾಚಿದೆ. ಬೈತಲೆ ಸೊಟ್ಟಗೆ. "ಬಟ್ಟೆ ಮಾತ್ರ ನೆಟ್ಟಗೆ ಕತ್ತರಿಸ್ತೀರಾ" ಎಂದು ಬೈದಳು. ಬೈಯಲಿ. ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ — "ಏನ್ರೀ, ಬರೀತಾ ಕೂತ್ರಾ? ಬನ್ನಿ, ಕೈ ಹಿಡ್ಕೊಳ್ಳಿ."
ಬಂ—