ಮಂದೆ ಬಿಟ್ಟು ನಡೆದ ಕಲ್ಲು

ಕನಕರಾಜು,

ನೀನು ತೀರಿಕೊಂಡ ಮೇಲೆ ಬರೆಯುತ್ತಿದ್ದೇನೆ. ಬದುಕಿದ್ದಾಗ ಬರೆಯುವ ಮುಖ ನನಗಿರಲಿಲ್ಲ. ಅವತ್ತು ಫೋಟೋಗಳಲ್ಲಿ ನಮಗೆ ಸಿಕ್ಕ ಆ ಕ್ಷುದ್ರಗ್ರಹದ ವಿವರ ಬಂದಿದೆ. ಬರೀ ಕಲ್ಲಿನದಂತೆ. ಎರಡು ಕಿಲೋಮೀಟರ್ ಉದ್ದ, ಕಡಲೆಕಾಯಿಯ ಹಾಗೆ ನಡು ಸಣ್ಣ, ಐದು ಗಂಟೆಗೊಂದು ಸುತ್ತು ಮಗುಚುತ್ತದಂತೆ.

ಇವತ್ತು ಕುದೂರಿನಲ್ಲಿ, ನಾನು ಪಾಠ ಹೇಳುವ ಶಾಲೆಯಲ್ಲೇ, ನನಗೆ ಶಾಲು ಹೊದಿಸಿದರು. ಹೇಗೆ ಕಂಡುಹಿಡಿದಿರಿ ಎಂದು ಕೇಳಿದರು. ನಿನ್ನ ಮಾತನ್ನೇ ನನ್ನದೆಂಬಂತೆ ಹೇಳಿದೆ. ಅವತ್ತು ಲ್ಯಾಪ್‌ಟಾಪಿನಲ್ಲಿ ಆಕಾಶದ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ನಾಲ್ಕು ಫೋಟೋಗಳನ್ನು ತಿರುವುತ್ತಾ ನಾನು ಚುಕ್ಕಿ ಎಣಿಸುತ್ತಿದ್ದೆ. ಕುರಿ ಅಟ್ಟಿಕೊಂಡು ಬಂದ ನೀನು ಬಗ್ಗಿ ನೋಡಿದೆ.

"ಎಣಿಸ್ಬ್ಯಾಡ ಕಣ್ಲಾ, ಎಣಿಸುದ್ರೆ ಕಮ್ಮಿಯಾಯ್ತವೆ. ಮಂದೆ ಬುಟ್ಟು ಹೋಗೋದನ್ನ ನೋಡು."

ಜರುಗುತ್ತಿದ್ದ ಚುಕ್ಕಿಯ ಮೇಲೆ ಬೆರಳಿಟ್ಟವನು ನೀನು. ಕಂಡುಹಿಡಿದವರು ಯಾರೆಂದು ಕೇಳುವ ಫಾರಂನಲ್ಲಿ ನಾನು ನನ್ನ ಹೆಸರೊಂದನ್ನೇ ತುಂಬಿದೆ. ನೀನು ಒಂದು ದಿನವೂ ಕೇಳಲಿಲ್ಲ.

ಇವತ್ತು ನಿನ್ನ ಮಗಳು ಶಿವಲಕ್ಷ್ಮಿ ಎದ್ದು ನಿಂತಳು. "ನಮ್ಮಪ್ಪನೂ ಹಿಂಗೇ ಅಂತಿದ್ರು ಸಾರ್. ನೀವೂ ಕುರಿ ಮೇಯಿಸ್ತಿದ್ರಾ?"

ಹೂಂ ಅಂದುಬಿಟ್ಟೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಅವಳೇ.