ನೀನು ಬರೆಯದೆ ಬಿಟ್ಟದ್ದು

ಬುಧವಾರ, ಬೆಳಗ್ಗೆ

ನನ್ನ ಮೊಂಡಿಗೆ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಎರಡನ್ನೂ ಪೂರ್ತಿ ತೆಗೆದುಕೋ. ನಮ್ಮ ಶಾಲೆಯ ತಪಾಸಣೆಗೆ ಬಂದು ಹೋದ ಮೇಲೆ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತಿದರೂ ಮೀಟಿಂಗಿನಲ್ಲಿದ್ದೀನಿ ಅಂತ ಪಿಸುಗುಟ್ಟಿ ಇಟ್ಟುಬಿಡುತ್ತೀಯ. ಅಷ್ಟೊಂದು ಮೀಟಿಂಗ್ ನಿಜವಾಗಿ ನಡೆದಿದ್ದರೆ ಇಷ್ಟು ಹೊತ್ತಿಗೆ ದೇಶ ಉದ್ಧಾರವಾಗಬೇಕಿತ್ತು. ಕಾಗದದ ಬಾಯಿಯನ್ನು ನೀನು ಮುಚ್ಚಿಸಲಾರೆ ಅಂತ ಬರೆಯಲು ಕೂತಿದ್ದೇನೆ.

ನಿಮ್ಮ ಇಲಾಖೆಯ ಸುತ್ತೋಲೆ ಬಂದಾಗ ನನಗೆ ಸಿಟ್ಟು ಬಂದದ್ದು ನಿಜ. ನಮ್ಮಂಥ ಧರ್ಮಸಂಸ್ಥೆಯ ಶಾಲೆಗಳಲ್ಲಿ ಪಾಠದ ಹೊತ್ತಿಗೆ ಪ್ರಾರ್ಥನೆ ಕೂಡದು. ಮಾಡುವುದಾದರೆ ಮೊದಲ ಗಂಟೆಗೆ ಮುಂಚೆ, ಇಷ್ಟವಿದ್ದವರು ಮಾತ್ರ. ಮಾಡದ ಮಗುವನ್ನು ಬೇರೆ ಕೂರಿಸುವಂತಿಲ್ಲ. ತಪ್ಪಿದರೆ ಶಾಲೆಯ ಮಾನ್ಯತೆ ರದ್ದು. ನೆಗಡಿಯಾಯಿತೆಂದು ಮೂಗು ಕೊಯ್ಯುತ್ತಾರಾ ಅಂತ ಆಗ ನಿನ್ನ ಮುಂದೆಯೇ ಕೂಗಾಡಿದ್ದೆ. ಈಗಲೂ ಅರ್ಧ ಹಾಗೆಯೇ ಅನ್ನಿಸುತ್ತದೆ. ಬೆಳಬೆಳಗ್ಗೆ ಒಂದನೇ ತರಗತಿಯನ್ನು ಹದಕ್ಕೆ ತರುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ನಾನು ಎರಡು ಚಪ್ಪಾಳೆ ತಟ್ಟುತ್ತೇನೆ. ಎದ್ದು ನಿಲ್ಲುತ್ತವೆ, ಕಣ್ಣು ಮುಚ್ಚುತ್ತವೆ, ಪ್ರಾರ್ಥನೆ ಹೇಳುತ್ತವೆ. ಮುಗಿಯುವಷ್ಟರಲ್ಲಿ ಬಸ್ಸಿನ ಜಗಳ, ಮನೆಯ ಅಳು ಎಲ್ಲ ಮರೆತು ಪಾಠಕ್ಕೆ ಸಿದ್ಧವಾಗಿರುತ್ತವೆ. ಸುತ್ತೋಲೆ ಬರೆದ ಮಹಾನುಭಾವರು ಒಂದು ದಿನ ಬಂದು ನನ್ನ ತರಗತಿಯನ್ನು ಸುಮ್ಮನಿರಿಸಿ ತೋರಿಸಲಿ.

ನಮ್ಮ ಹೆಡ್‌ಮಾಸ್ಟರರು ನನ್ನ ಹಾಗೆ ಕೂಗಾಡಲಿಲ್ಲ. ಅವರು ಸುಣ್ಣ ತರಿಸಿದರು. ಗೋಡೆಯ ಮೇಲೆ ಬರೆಸಿದ್ದ ಪ್ರಾರ್ಥನೆಯ ಸಾಲುಗಳಿಗೆ ಬಳಿಸಿದರು. ಒಣಗಿದ ಮೇಲೆ ಅಕ್ಷರಗಳು ಮತ್ತೆ ಇಣುಕಿದವು, ಇನ್ನೊಂದು ಕೈ ಬಳಿಸಿದರು. ಇನ್ಸ್‌ಪೆಕ್ಟರ್ ಬಂದು ಹೋಗುವ ತನಕ ಮಾತ್ರ ಅಂತ ನಮಗೆಲ್ಲ ಹೇಳಿದರು. ಬರಬೇಕಾಗಿದ್ದವರಿಗೆ ಜ್ವರ ಬಂದು ಬದಲಿಗೆ ನೀನು ಬಂದೆ. ನಿನ್ನ ತಾಯಿ ಇದೇ ಶಾಲೆಯಲ್ಲಿ ಪಾಠ ಮಾಡುತ್ತಾಳೆ ಅಂತ ನೀನು ನಿನ್ನ ಸಾಹೇಬರಿಗೆ ಹೇಳಬೇಕಿತ್ತು. ಅರ್ಧ ದಿನದ ಕೆಲಸ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆಯೇನೋ.

ನೀನು ಕೈಯಲ್ಲಿ ಫೈಲು ಹಿಡಿದು ನನ್ನ ತರಗತಿಯ ಬಾಗಿಲಿಗೆ ಬಂದು, "ಟೀಚರ್, ನಿಮ್ಮ ಪಾಠ ಶುರು ಮಾಡಿ" ಅಂದೆ. ನಿನಗೆ ಅಕ್ಷರ ತಿದ್ದಿಸಿದವಳು ನಾನು, ನನಗೇ ಬಹುವಚನ! ಹೆಮ್ಮೆಯಾಯಿತು ಕಣೇ, ಸುಳ್ಳು ಯಾಕೆ ಹೇಳಲಿ. ಆ ಹೆಮ್ಮೆಯಲ್ಲೋ ಗಾಬರಿಯಲ್ಲೋ, ಮಕ್ಕಳ ಗದ್ದಲ ಅಡಗಿಸಲು ನನ್ನ ಕೈಗಳು ತಾವಾಗಿ ಎರಡು ಚಪ್ಪಾಳೆ ತಟ್ಟಿಬಿಟ್ಟವು. ಸುಣ್ಣ ಬಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಇಡೀ ತರಗತಿ ಎದ್ದು ನಿಂತು, ಕಣ್ಣು ಮುಚ್ಚಿ, ಸೂರು ಹಾರುವ ಹಾಗೆ ಪ್ರಾರ್ಥನೆ ಶುರು ಮಾಡಿತು.

ನೀನು ಅವರನ್ನು ನೋಡಲಿಲ್ಲ. ಕೊನೆಯ ಬೆಂಚಿನಿಂದ ಎದ್ದು, ಯಾರೂ ಹೇಳದೆ, ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿ ಹೋದ ಹುಡುಗಿಯನ್ನು ನೋಡಿದೆ. ಅವಳು ದರ್ಜಿಯ ಮಗಳು. ಅವರ ಮನೆಯ ನಂಬಿಕೆ ಬೇರೆ. ನಮ್ಮ ಪ್ರಾರ್ಥನೆ ಅವಳಿಂದ ಹೇಳಿಸಬೇಡಿ ಅಂತ ಅಪ್ಪ ಶಾಲೆಗೆ ಸೇರಿಸುವಾಗಲೇ ಕೇಳಿಕೊಂಡಿದ್ದರು. ಆಗಲಿ ಅಂತ ನಾನೇ ಅವಳನ್ನು ಆ ಹೊತ್ತಿಗೆ ಸ್ಟೋರ್ ರೂಮಿಗೆ ಕಳಿಸುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆ ಅಂತಲೇ ತಿಳಿದಿದ್ದೆ. ನನ್ನ ಚಪ್ಪಾಳೆ ಉಳಿದವರಿಗೆ ಏಳಿ ಅಂದರೆ, ಅವಳಿಗೆ ಹೊರಗೆ ಹೋಗು ಅನ್ನುತ್ತಿತ್ತು.

ನೀನು ಅವಳ ಹಿಂದೆ ಹೋದೆ, ನಿನ್ನ ಹಿಂದೆ ನಾನು. ಮುರಿದ ಕುರ್ಚಿಗಳ ನಡುವೆ, ಸುಣ್ಣದ ಡಬ್ಬದ ಪಕ್ಕ, ಅವಳು ಕಾಲು ಮಡಚಿ ಕೂತಿದ್ದಳು. ಇಲ್ಲಿ ಏನು ಮಾಡುತ್ತೀಯ ಪುಟ್ಟಿ ಅಂತ ನೀನು ಕೇಳಿದೆ. ಅವಳು ನನ್ನನ್ನು ಕಾಪಾಡುವವಳ ಹಾಗೆ ಹೇಳಿದಳು: "ಟೀಚರ್ ನಂಗೆ ಬೈಯಲ್ಲ. ಮುಗಿದ್ಮೇಲೆ ಯಾರಾದ್ರೂ ಬಂದು ಕರೀತಾರೆ. ಒಂದೊಂದ್ಸಲ ಮರೀತಾರೆ."

ಮರೆಯುತ್ತಿದ್ದವಳು ನಾನು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ. ನಿನ್ನ ಕಣ್ಣು ತುಂಬಿದ್ದು ಕಂಡೆ. ಸರಿ, ಮಗಳು ಬರೆಯುತ್ತಾಳೆ, ನಮಗೆ ಆಗಬೇಕಾದದ್ದು ಆಗುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ. ಮರುದಿನದಿಂದ ಪ್ರಾರ್ಥನೆಯನ್ನು ನಾನೇ ಗಂಟೆಗೆ ಮುಂಚೆ ಅಂಗಳಕ್ಕೆ ಒಯ್ದೆ. ತರಗತಿ ಹದಕ್ಕೆ ಬರಲು ಒದ್ದಾಡಿತು, ನಾನೂ ಒದ್ದಾಡಿದೆ. ಆದರೆ ಆ ಹುಡುಗಿ ತನ್ನ ಬೆಂಚಿನಲ್ಲೇ ಇದ್ದಳು.

ಆಮೇಲೆ ನಿನ್ನ ವರದಿ ಬಂತು. ಹೆಡ್‌ಮಾಸ್ಟರರು ಎಲ್ಲರಿಗೂ ಚಹಾ ತರಿಸಿ ಗಟ್ಟಿಯಾಗಿ ಓದಿದರು. ಪಾಠದ ಹೊತ್ತಿನಲ್ಲಿ ಪ್ರಾರ್ಥನೆ ನಡೆಯುವುದು ಕಂಡುಬಂದಿಲ್ಲವಂತೆ. ಯಾವ ಮಗುವನ್ನೂ ಬೇರೆ ಕೂರಿಸಿಲ್ಲವಂತೆ. ಮಗಳೆಂದರೆ ಹೀಗಿರಬೇಕು ಅಂತ ನನ್ನನ್ನು ಹೊಗಳಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗೊತ್ತಿತ್ತು. ಹೆಗ್ಗಣಕ್ಕೂ ಹೆತ್ತವಳು ಇಷ್ಟು ಮುದ್ದು ಅಂತ ಗೊತ್ತಿರಲಿಲ್ಲ.

ನನ್ನ ಕೆಲಸ ಉಳಿಸಲು ಹಾಗೆ ಬರೆದೆ ಅಂತ ನನಗೆ ಗೊತ್ತು. ಆದರೆ ನೀನು ಉಳಿಸಿದ್ದು ಏನನ್ನು, ಕೇಳು. ಚಹಾ ಮುಗಿದ ಕೂಡಲೇ ಹೆಡ್‌ಮಾಸ್ಟರರು ಇನ್ನು ಎಲ್ಲ ಮೊದಲಿನ ಹಾಗೆಯೇ ನಡೆಯಲಿ ಅಂದರು. ಆ ಹುಡುಗಿ ತರಗತಿಯಲ್ಲೇ ಇರಲಿ ಅಂತ ನಾನು ವಾದ ಮಾಡಿದೆ. ನಾವು ಸರಿ ಇದ್ದೀವಿ ಅಂತ ಸರ್ಕಾರವೇ ಬರೆದುಕೊಟ್ಟಿದೆ, ನಿಮ್ಮದೇನು ಹೊಸ ರಾಗ ಅಂತ ಕೇಳಿದರು. ಬೆಳಗಿನ ಹೊತ್ತು ನನ್ನ ತರಗತಿಗೆ ತಾವೇ ಬಂದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅವಳು ಎದ್ದು ಹೋಗುತ್ತಾಳೆ.

ಮಗಳನ್ನು ಸ್ಟೋರ್ ರೂಮಿನಲ್ಲಿ ಕೂರಿಸುತ್ತೀರಿ ಅಂತ ಅವಳಪ್ಪ ದೂರು ಹೇಳಲು ಬಂದರೆ ಅವರಿಗೂ ನಿನ್ನ ವರದಿಯನ್ನೇ ತೋರಿಸಿದರು. ಅವರು ಗೇಟಿನ ಹತ್ತಿರ ನನಗೆ ಎದುರಾದರು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. "ನಿಮ್ಮ ಮಗಳು ಸ್ಟೋರ್ ರೂಮಿಗೆ ಬಂದು ಮಾತಾಡ್ಸಿದ್ರಂತೆ, ನಮ್ ಹುಡುಗಿ ಮನೇಲಿ ಖುಷಿಯಾಗಿ ಹೇಳಿದ್ಲು ಮೇಡಂ. ಮತ್ತೆ ಯಾಕೆ ಇಲ್ಲ ಅಂತ ಬರೆದ್ರು?" ಅಂತ ಮೆಲ್ಲಗೆ ಕೇಳಿದರು. ಇದಕ್ಕೆ ನಿನ್ನ ಬಳಿ ಉತ್ತರವಿದ್ದರೆ ಹೇಳಿಕೊಡು, ಹೋಗಿ ಹೇಳಿ ಬರುತ್ತೇನೆ.

ನಾನು ದೇವರನ್ನು ಬಿಟ್ಟಿಲ್ಲ ಮಗಳೇ. ನಿಮ್ಮ ಸುತ್ತೋಲೆಗೆ ಸೋತು ಬರೆಯುತ್ತಿಲ್ಲ. ಇಂದು ಬೆಳಗ್ಗೆಯೂ ಪ್ರಾರ್ಥನೆ ಮಾಡಿಯೇ ಹೊರಟವಳು ನಾನು. ಆದರೆ ಆರು ವರ್ಷದ ಮಗುವನ್ನು ಮುರಿದ ಕುರ್ಚಿಗಳ ಮಧ್ಯೆ ಕೂರಿಸಿ ನಾನು ಯಾವ ದೇವರಿಗೆ ಕೈ ಮುಗಿಯಲಿ? ಸಾಹೇಬರ ಹತ್ತಿರ ಹೋಗು. ಅಲ್ಲಿ ನನ್ನ ತಾಯಿ ಇದ್ದಾಳೆ, ಮುಚ್ಚಿಟ್ಟೆ, ಕಂಡದ್ದನ್ನು ಬರೆಯಲಿಲ್ಲ, ಬೇರೆಯವರನ್ನು ಕಳಿಸಿ ಅಂತ ಹೇಳು. ನಿನಗೆ ನೋಟಿಸು ಬರಬಹುದು, ಬಡ್ತಿ ನಿಲ್ಲಬಹುದು. ನನ್ನನ್ನು ಶಾಲೆಯಿಂದ ತೆಗೆಯಬಹುದು. ತೆಗೆಯಲಿ. ನಿನ್ನ ಸುಳ್ಳಿನ ನೆರಳಿನಲ್ಲಿ ಪಾಠ ಮಾಡುವುದಕ್ಕಿಂತ ಮನೆಯಲ್ಲಿ ಕೂತು ನಿನ್ನ ಅಪ್ಪನ ಗೊರಕೆ ಕೇಳುವುದು ಎಷ್ಟೋ ಮೇಲು.

ನಿನ್ನ ಮೇಲೆ ಸಿಟ್ಟಿದೆ. ಪ್ರೀತಿ ಅದಕ್ಕಿಂತ ಒಂದು ಹಿಡಿ ಜಾಸ್ತಿಯೇ ಇದೆ. ಅವಸರವಿಲ್ಲ, ನಿಧಾನವಾಗಿ ಯೋಚನೆ ಮಾಡು.

ನಿನ್ನನ್ನು ಹೆತ್ತು, ಈಗಲೂ ಬೈಯುವ ಹಕ್ಕು ಉಳಿಸಿಕೊಂಡಿರುವ,
ಅಮ್ಮ

ಮರೆತದ್ದು: ಅವಸರವಿಲ್ಲ ಅಂತ ಬರೆದದ್ದು ಸುಳ್ಳು. ನಾನು ಶಾಲೆಗೆ ರಜೆ ಹಾಕಿ ನಿಮ್ಮ ಕಚೇರಿಗೆ ಬಂದಿದ್ದೇನೆ, ನಿನ್ನ ಸಾಹೇಬರ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತು ಇದನ್ನು ಬರೆದೆ. ನಿಮ್ಮ ಜವಾನನ ಕೈಲಿ ನಿನ್ನ ಕೋಣೆಗೆ ಕಳಿಸುತ್ತಿದ್ದೇನೆ. ನೀನಾಗಿಯೇ ಹೇಳಿದರೆ ಅದರ ತೂಕವೇ ಬೇರೆ, ನಾನು ಹೇಳಿದರೆ ಅದು ನಿನ್ನ ಮೇಲಿನ ದೂರು ಆಗುತ್ತದೆ. ಅದಕ್ಕೇ ನನ್ನ ಸರದಿ ಬಂದಾಗಲೆಲ್ಲ ಹಿಂದಿನವರನ್ನು ಮುಂದೆ ಬಿಡುತ್ತಾ ಕೂತಿದ್ದೇನೆ. ಬೇಗ ಹೊರಗೆ ಬಾ ಮಗಳೇ, ಮುಂದೆ ಬಿಡಲು ನನ್ನ ಹಿಂದೆ ಇನ್ನು ಯಾರೂ ಉಳಿದಿಲ್ಲ.